ಎಬಿ ರಕ್ತದ ಲೆಕ್ಕ

ರಕ್ತದ ಗುಂಪುಗಳು ನಾಲ್ಕು ಎಂದು ಶಾಲೆಯಲ್ಲಿ ಓದಿದ್ದೇವೆ. ಲೆಕ್ಕದ ಮಟ್ಟಿಗೆ ಅವು ಎರಡೇ, ಆದರೆ ಒಂದರೊಳಗೊಂದು ಸೇರಿಕೊಂಡಿವೆ. ಕೆಂಪು ರಕ್ತಕಣದ ಮೇಲೆ ‘ಎ’ ಎಂಬ ವಸ್ತು ಇರುವವರದು ಒಂದು ಗುಂಪು, ‘ಬಿ’ ಇರುವವರದು ಇನ್ನೊಂದು. ಎರಡಕ್ಕೂ ಸೇರಿದವರು ಎಬಿ. ಯಾವುದಕ್ಕೂ ಸೇರದವರು ಓ.

ಮೊದಲ ಮಹಾಯುದ್ಧದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಹಲವು ದೇಶಗಳ ಸೈನಿಕರು ಬೀಡುಬಿಟ್ಟಿದ್ದರು, ನಮ್ಮವರೂ ಇದ್ದರು. ಪೋಲೆಂಡಿನ ವೈದ್ಯ ದಂಪತಿಗಳಾದ ಲುಡ್ವಿಕ್ ಮತ್ತು ಹನ್ನಾ ಹಿರ್ಷ್‌ಫೆಲ್ಡ್ ಅವರ ರಕ್ತವನ್ನು ಪರೀಕ್ಷಿಸಿ, 1919ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಂಕಿಗಳನ್ನು ಪ್ರಕಟಿಸಿದರು. ಭಾರತೀಯರಲ್ಲಿ ಎ ಶೇ 19, ಬಿ ಶೇ 41.2, ಎಬಿ ಶೇ 8.5, ಓ ಶೇ 31.3.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಎ ವಸ್ತು ಇರುವವರು ಒಟ್ಟು ಶೇ 27.5 (ಎಬಿಯವರೂ ಇದರಲ್ಲಿ ಬಂದರು). ಬಿ ವಸ್ತು ಇರುವವರು ಶೇ 49.7. ಕೂಡಿದರೆ 77.2. ಆದರೆ ಓ ಗುಂಪಿನವರನ್ನು ಬಿಟ್ಟರೆ ಉಳಿಯುವುದು 68.7 ಮಾತ್ರ! ಹೆಚ್ಚಾದ 8.5 ಎಂದರೆ ನಾವು ಎರಡು ಸಲ ಎಣಿಸಿದ ಎಬಿಯವರು. ಅವರನ್ನು ಒಮ್ಮೆ ಕಳೆಯಬೇಕು. ಇಷ್ಟು ಹೈಸ್ಕೂಲಿನ ಪಾಠ.

ಎರಡಕ್ಕೂ ಸೇರಿದವರೆಷ್ಟು ಎಂಬುದನ್ನು ಪ್ರಶ್ನೆಯಲ್ಲಿ ಕೊಡದಿದ್ದರೆ? ಹೆಚ್ಚಿನ ವಿದ್ಯಾರ್ಥಿಗಳು ಕಣ್ಣುಮುಚ್ಚಿ ಗುಣಿಸಿಬಿಡುತ್ತಾರೆ. ಒಂದು ಗುಣ ಇರುವುದರಿಂದ ಇನ್ನೊಂದರ ಸಂಭವನೀಯತೆ ಹೆಚ್ಚುಕಡಿಮೆ ಆಗದಿದ್ದರೆ ಮಾತ್ರ ಗುಣಾಕಾರ ಸಲ್ಲುತ್ತದೆ. ಎ ಮತ್ತು ಬಿಗೆ ಬೇರೆ ಬೇರೆ ವಂಶವಾಹಿಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಫಾನ್ ಡುಂಗರ್ನ್ ಮತ್ತು ಇದೇ ಹಿರ್ಷ್‌ಫೆಲ್ಡ್ 1910ರಲ್ಲಿ ಹೇಳಿದ್ದರು. ಅದು ನಿಜವಾದರೆ ಎಬಿಯವರು 0.275 × 0.497, ಅಂದರೆ ಶೇ 13.7 ಇರಬೇಕಿತ್ತು. ಸಿಕ್ಕಿದವರು 8.5.

ಈ ವ್ಯತ್ಯಾಸವನ್ನು ಹಿಡಿದವರು ವೈದ್ಯರಲ್ಲ, ಗಟಿಂಗೆನ್ನಿನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್. ಗಣಸಿದ್ಧಾಂತದಲ್ಲಿ ಅವರ ಹೆಸರಿನ ಪ್ರಮೇಯವೇ ಇದೆ. 1924ರ ಹೊತ್ತಿಗೆ ಅವರು ತೋರಿಸಿದ್ದು ಇಷ್ಟು: ಎ, ಬಿ, ಓ ಮೂರೂ ಒಂದೇ ಜಾಗಕ್ಕೆ ಬರುವ ವಂಶವಾಹಿಗಳು. ಬಸ್ಸಿನ ಇಬ್ಬರ ಸೀಟಿನ ಹಾಗೆ ಅಲ್ಲಿ ಎರಡೇ ಸ್ಥಾನ, ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಎ ಒಂದು ಸ್ಥಾನ ಹಿಡಿದರೆ ಬಿಗೆ ಉಳಿಯುವುದು ಒಂದೇ.

ಎ ವಸ್ತು ಇಲ್ಲದವರು (ಓ ಮತ್ತು ಬಿ) ಶೇ 72.5. ಇವರ ಎರಡೂ ಸ್ಥಾನಗಳಲ್ಲಿ ಎ ಇಲ್ಲ. 0.725ರ ವರ್ಗಮೂಲ 0.8515, ಹಾಗಾಗಿ ಒಂದು ಸ್ಥಾನದಲ್ಲಿ ಎ ಇರುವ ಸಂಭವನೀಯತೆ 0.1485. ಇದೇ ರೀತಿ ಬಿಗೆ 0.2908. ತಂದೆಯಿಂದ ಎ, ತಾಯಿಯಿಂದ ಬಿ, ಇಲ್ಲವೇ ಅದಲುಬದಲು. ಆದ್ದರಿಂದ ಗುಣಲಬ್ಧದ ಎರಡರಷ್ಟು, ಶೇ 8.6. ಸೈನಿಕರಲ್ಲಿ ಇದ್ದದ್ದು 8.5 ಎಂಬುದನ್ನು ನೆನಪಿಡಿ.

ಇದು ಬರೀ ಅಂಕಿಗಳ ಆಟವಾಗಿರಲಿಲ್ಲ. ಆ ದಶಕದಲ್ಲಿ ಜರ್ಮನಿಯ ನ್ಯಾಯಾಲಯಗಳು ಪಿತೃತ್ವದ ಮೊಕದ್ದಮೆಗಳಲ್ಲಿ ರಕ್ತಪರೀಕ್ಷೆಯನ್ನು ಒಪ್ಪತೊಡಗಿದ್ದವು. ತಂದೆ ಎಂದು ಹೇಳಲಾದವನದು ಎಬಿ, ಮಗುವಿನದು ಓ ಆದರೆ? ಹಳೆಯ ವಾದದಂತೆ ಅವನು ತಂದೆಯಾಗಿರಬಹುದು. ಬರ್ನ್‌ಸ್ಟೈನ್ ಪ್ರಕಾರ ಆಗಲಾರ, ಏಕೆಂದರೆ ಕೊಡಲು ಅವನ ಬಳಿ ಎ ಇಲ್ಲವೇ ಬಿ ಬಿಟ್ಟು ಬೇರೆ ಇಲ್ಲ. ಒಬ್ಬ ಹೆಂಗಸಿನ ಮಾನ, ಒಂದು ಮಗುವಿನ ಅನ್ನ ಈ ಲೆಕ್ಕದ ಮೇಲೆ ನಿಂತಿದ್ದವು. ಈ ನಿಯಮಕ್ಕೂ ಅಪವಾದವಿದೆ: 1952ರಲ್ಲಿ ವರದಿಯಾದ ‘ಬಾಂಬೆ’ ರಕ್ತದವರು ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಾರೆ, ಅವರ ತಂದೆ ಎಬಿ ಆಗಿದ್ದರೂ. ಇಂದು ಇಂಥ ತಗಾದೆಗೆ ಡಿಎನ್‌ಎ ಪರೀಕ್ಷೆಯಿದೆ.

ಅದೇ ಸಲೋನಿಕಾದ ಇಂಗ್ಲಿಷ್ ಸೈನಿಕರಲ್ಲಿ ಎ ಶೇ 43.4, ಬಿ 7.2, ಎಬಿ 3, ಓ 46.4. ಎರಡೂ ರೀತಿಯಲ್ಲಿ ನೀವೇ ಮಾಡಿ ನೋಡಿ. ಹಳೆಯ ದಾರಿಯಲ್ಲಿ 4.7, ಬರ್ನ್‌ಸ್ಟೈನರ ದಾರಿಯಲ್ಲಿ 2.8 ಬಂದರೆ ನಿಮ್ಮ ಲೆಕ್ಕ ಸರಿ.