ಖಾಸಗಿ ಕಾಡಿನ ಮರಕುಟಿಗ ಮತ್ತು ಮಾಲೀಕನ ಭಯ

ಅಮೆರಿಕದ ಅರಣ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಖಾಸಗಿಯವರ ಒಡೆತನದಲ್ಲಿದ್ದು, ದಕ್ಷಿಣದ ರಾಜ್ಯಗಳಲ್ಲಿ ಆ ಪಾಲು ಇನ್ನೂ ದೊಡ್ಡದಾಗಿರುವುದರಿಂದ, ಸರ್ಕಾರಿ ಅಭಯಾರಣ್ಯಗಳನ್ನಷ್ಟೇ ನೆಚ್ಚಿಕೊಂಡು ಅಲ್ಲಿನ ವನ್ಯಜೀವಿಗಳ ನೆಲೆಯನ್ನು ಉಳಿಸಲಾಗದು. ರೆಡ್-ಕಾಕೇಡೆಡ್ ಎಂಬ ಸಣ್ಣ ಮರಕುಟಿಗದ ಚರಿತ್ರೆ ಇದಕ್ಕೆ ಸಾಕ್ಷಿ. ಈ ಹಕ್ಕಿ ಒಣಮರವನ್ನು ಬಿಟ್ಟು, ಜೀವಂತವಾಗಿರುವ ಹಳೆಯ ಪೈನ್ ಮರದಲ್ಲೇ ಪೊಟರೆ ಕೊರೆಯುತ್ತದೆ. ಒಂದು ಪೊಟರೆಗೆ ಹಲವು ವರ್ಷಗಳೇ ಹಿಡಿಯುವುದುಂಟು. ಅದಕ್ಕೆ ಆಸರೆಯಾದ ಲಾಂಗ್‌ಲೀಫ್ ಪೈನ್, ಅಂದರೆ ಉದ್ದ ಸೂಜಿಯೆಲೆಗಳ ಪೈನ್ ಕಾಡು, ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಗಳಲ್ಲಿ ಹಬ್ಬಿದ್ದು, 20ನೆಯ ಶತಮಾನದ ಕೊನೆಗೆ ಅದರ ಅತ್ಯಲ್ಪ ಭಾಗವಷ್ಟೇ ಉಳಿದಿತ್ತು.

1973ರ ಅಳಿವಿನಂಚಿನ ಪ್ರಭೇದಗಳ ಕಾಯ್ದೆ ಇಂತಹ ಜೀವಿಗಳಿಗೆ ಹಾನಿ ಮಾಡುವುದನ್ನು ನಿಷೇಧಿಸಿತು; ನೆಲೆಯನ್ನು ಕೆಡಿಸಿ ಜೀವಿಯನ್ನು ಸಾಯಿಸುವುದೂ ಹಾನಿಯೇ ಎಂಬ ಸರ್ಕಾರದ ನಿಲುವನ್ನು 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಉದ್ದೇಶ ನ್ಯಾಯವಾದದ್ದೇ. ಆದರೆ ಹಕ್ಕಿ ಬಂದು ನೆಲೆಸಿದರೆ ಮರ ಕಡಿಯುವ ಹಕ್ಕೇ ಹೋದೀತೆಂದು ಅಂಜಿದ ಮಾಲೀಕರು, ಮರ ಬಲಿತು ಪೊಟರೆಗೆ ಒದಗುವ ಮೊದಲೇ ಕಡಿಯತೊಡಗಿದರು. ಮರಕುಟಿಗಗಳಿಗೆ ಹತ್ತಿರವಿದ್ದ ಖಾಸಗಿ ಕಾಡುಗಳು ಬೇಗ ಕೊಡಲಿಗೆ ಬಲಿಯಾದವೆಂಬುದನ್ನು ಉತ್ತರ ಕರೋಲಿನಾದ ಅಂಕಿಅಂಶಗಳ ಆಧಾರದಿಂದ ಲೂಕ್ ಮತ್ತು ಮೈಕೆಲ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದರು.

ಈ ಭಯಕ್ಕೆ ಪರಿಹಾರವಾಗಿ ಅದೇ ರಾಜ್ಯದ ಸ್ಯಾಂಡ್‌ಹಿಲ್ಸ್ ಪ್ರದೇಶದಲ್ಲಿ 1995ರಲ್ಲಿ ‘ಸೇಫ್ ಹಾರ್ಬರ್’ ಒಪ್ಪಂದ ಮೊದಲಾಯಿತು. ಒಪ್ಪಂದದ ದಿನ ಜಮೀನಿನಲ್ಲಿ ಎಷ್ಟು ಹಕ್ಕಿಗುಂಪುಗಳಿವೆಯೋ ಅಷ್ಟನ್ನು ಕಾಪಾಡುವ ಹೊಣೆ ಮಾಲೀಕನದು. ಅವನ ಆರೈಕೆಯಿಂದ ಮುಂದೆ ಹಕ್ಕಿಗಳು ಹೆಚ್ಚಿದರೆ, ಆ ಹೆಚ್ಚಳದ ಕಾರಣಕ್ಕೆ ಅವನ ಮೇಲೆ ಹೊಸ ನಿರ್ಬಂಧ ಬೀಳುವುದಿಲ್ಲ. ಹಣಕ್ಕಿಂತ ಮೊದಲು ದೊರೆತ ಈ ಅಭಯವೇ ನಿಜವಾದ ನೆರವು. ಹಣದ ನೆರವೂ ಇದೆ: ಕೃಷಿ ಇಲಾಖೆಯ ಸಂರಕ್ಷಣಾ ವಿಭಾಗವು ಲಾಂಗ್‌ಲೀಫ್ ಸಸಿ ನೆಡಲು, ಪೊದೆ ಸವರಲು, ನೆಲದ ಕಳೆಯನ್ನಷ್ಟೇ ಸುಡುವ ನಿಯಂತ್ರಿತ ಬೆಂಕಿ ಹಾಕಲು ತಗಲುವ ವೆಚ್ಚದ ಒಂದು ಪಾಲನ್ನು ಭರಿಸುತ್ತದೆ. ಕೆಲಸ ಮುಗಿದ ಮೇಲೆಯೇ ಸಾಮಾನ್ಯವಾಗಿ ಹಣ ಕೈಸೇರುವುದರಿಂದ ಸಣ್ಣ ಹಿಡುವಳಿದಾರನಿಗೆ ಇದು ಸುಲಭವಲ್ಲ ಎಂಬುದನ್ನೂ ಹೇಳಬೇಕು. 2024ರಲ್ಲಿ ಈ ಮರಕುಟಿಗವನ್ನು ‘ಅಳಿವಿನಂಚಿನ’ ವರ್ಗದಿಂದ ಕಡಿಮೆ ಗಂಡಾಂತರದ ವರ್ಗಕ್ಕೆ ಇಳಿಸಲಾಯಿತು. ಸೇನಾನೆಲೆಗಳ ಮತ್ತು ಸರ್ಕಾರಿ ಕಾಡುಗಳ ಪಾತ್ರ ಅದರಲ್ಲಿ ದೊಡ್ಡದಾದರೂ ಖಾಸಗಿ ಮಾಲೀಕರ ಪಾಲು ಕಡೆಗಣಿಸುವಂಥದ್ದಲ್ಲ.

ಕರ್ನಾಟಕಕ್ಕೆ ಈ ಪಾಠ ಅಪರಿಚಿತವಲ್ಲ. ಸ್ವಂತ ಹೊಲದಲ್ಲಿ ಬೆಳೆದ ಶ್ರೀಗಂಧವೂ ಸರ್ಕಾರದ್ದೆಂಬ ನಿಯಮವಿದ್ದಷ್ಟು ಕಾಲ ರೈತನಿಗೆ ಅದನ್ನು ಬೆಳೆಸುವ ಆಸೆಯೇ ಇರಲಿಲ್ಲ. 2001ರ ತಿದ್ದುಪಡಿ ಆ ಒಡೆತನವನ್ನು ಭೂಮಾಲೀಕನಿಗೆ ಕೊಟ್ಟಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರವರ ಹಿತ್ತಿಲ ಹುಣಸೆಮರಗಳಲ್ಲಿ. ಮರಿಗಳು ಬೆಳೆಯುವ ತಿಂಗಳುಗಳಲ್ಲಿ ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟೆಂದು ಪರಿಹಾರ ನೀಡುತ್ತ ಬಂದಿದೆ. ಆ ಮೊತ್ತ ಹುಣಸೆಯ ಪೇಟೆಧಾರಣೆಯೊಂದಿಗೆ ವರ್ಷವರ್ಷವೂ ಪರಿಷ್ಕೃತವಾಗಬೇಕು, ಗೂಡು ಕಟ್ಟುವ ಕಾಲ ಮುಗಿಯುವ ಮೊದಲೇ ಕೈಸೇರಬೇಕು. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿಗೆ ನೆರಳಾಗಿ ಕಾಡುಮರಗಳನ್ನು ಉಳಿಸಿಕೊಂಡಿರುವ ಬೆಳೆಗಾರರಿಗೂ ಇಂತಹದೇ ಏರ್ಪಾಡು ದೊರೆಯಬೇಕು.