ಉಳ್ಳಾಗಡ್ಡಿಯೂ ಲೋಕವ್ಯಾಪಾರವೂ

ಸರ್ಕಾರವು ರೈತನಿಗೆ ಎಲ್ಲವನ್ನೂ ಪುಕ್ಕಟೆಯಾಗಿ ಕೊಡುತ್ತಿದೆಯೆಂದೂ, ಈ ಸಹಾಯಧನಗಳನ್ನು ಮೊಟಕು ಮಾಡದೆ ದೇಶಕ್ಕೆ ಏಳಿಗೆಯಿಲ್ಲವೆಂದೂ ಹೇಳುವ ಮಿತ್ರರು ನಮ್ಮ ಕಾಲೇಜಿನಲ್ಲಿಯೇ ಅನೇಕರಿದ್ದಾರೆ. ಅವರ ಮಾತು ಪೂರ್ಣ ಸುಳ್ಳೆಂದು ನಾನು ವಾದಿಸಲಾರೆ. 45 ಕಿಲೋ ಯೂರಿಯಾ ಚೀಲವು ಸುಮಾರು 266 ರೂಪಾಯಿಗೆ ದೊರೆಯುವುದು ಸಹಾಯಧನದ ದೆಸೆಯಿಂದಲೇ. 2010ರಲ್ಲಿ ಪೋಷಕಾಂಶಗಳ ಆಧಾರದ ಮೇಲೆ ಸಹಾಯಧನ ಕೊಡುವ ಪದ್ಧತಿ ಬಂದಾಗ ಯೂರಿಯಾವನ್ನು ಹೊರಗಿಟ್ಟರು. ಉಳಿದ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗವಾದುದನ್ನು ಧಾರಾಳವಾಗಿ ಚೆಲ್ಲುವುದು ಮನುಷ್ಯಸ್ವಭಾವ. ನಮ್ಮ ತಂದೆಯವರೂ ಇದಕ್ಕೆ ಹೊರತಲ್ಲ. ಇದನ್ನು ತಿದ್ದಬೇಕಾದುದು ನಿಜ. ಆದರೆ ರೈತನಿಗೆ ಕೊಟ್ಟುದನ್ನು ಎಣಿಸುವವರು, ಅವನ ಕೈಗೆ ಬರುವುದನ್ನು ತಡೆದುದನ್ನೂ ಎಣಿಸಬೇಡವೇ?

ನಮ್ಮ ಊರು ಹೂವಿನಹಡಗಲಿ ತಾಲ್ಲೂಕಿನ ಮಾಗಳ. ತುಂಗಭದ್ರೆಯ ದಂಡೆಯ ಮೇಲಿದೆ. 2023 ಬರದ ವರ್ಷ. ನಾನಾಗ ಮೊದಲನೆಯ ಬಿ.ಎ. ತರಗತಿಯಲ್ಲಿದ್ದೆ. ಇದ್ದಷ್ಟು ನೀರಿನಲ್ಲಿ ಒಂದೆಕರೆ ಉಳ್ಳಾಗಡ್ಡಿಯನ್ನು ತಡವಾಗಿ ಹಾಕಿದ್ದೆವು. ದರ ಏರಿದ ಸುದ್ದಿ ಕೇಳಿ, ನನ್ನ ಫೀಸು, ಸಂಘದ ಸಾಲ, ಅಕ್ಕನ ಬಾಣಂತನ ಎಂದು ಮನೆಯವರೆಲ್ಲ ಲೆಕ್ಕ ಹಾಕಿಯೂ ಆಗಿತ್ತು. ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿದ್ದ ಕೇಂದ್ರ ಸರ್ಕಾರವು ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಿತು. ನಮ್ಮ ಗಡ್ಡೆ ಆಗ ತಾನೇ ಕಿತ್ತು ಹೊಲದಲ್ಲಿ ಬಿದ್ದಿತ್ತು. ಮೆಕ್ಕೆಜೋಳವನ್ನಾದರೆ ಒಣಗಿಸಿ ನಾಲ್ಕು ದಿನ ಕಾಯಬಹುದು. ಈ ಉಳ್ಳಾಗಡ್ಡಿ ಕಾಯುವ ಮಾಲಲ್ಲ. ಲೆಕ್ಕ ಹಾಕಿದ್ದರ ಅರ್ಧವೂ ಕೈಗೆ ಬರಲಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ 1995ರಿಂದ ಜಾರಿಯಲ್ಲಿದೆ. ವ್ಯಾಪಾರವನ್ನು ಏರುಪೇರು ಮಾಡುವಂಥ ಸಹಾಯವು ನಮ್ಮಂಥ ದೇಶಗಳಲ್ಲಿ ಬೆಳೆಯ ಒಟ್ಟು ಮೌಲ್ಯದ ಶೇಕಡಾ 10ನ್ನು ಮೀರಬಾರದೆಂದು ಅದರಲ್ಲಿದೆ. ಬೆಂಬಲ ಬೆಲೆಯಿಂದ ರೈತನಿಗಾದ ಲಾಭವನ್ನು ಅಳೆಯಲು ಇಂದಿಗೂ 1986-88ರ ಬೆಲೆಯೇ ಅಳತೆಗೋಲು! ಕೊಡುವ ವಿಷಯದಲ್ಲಿ ಇಷ್ಟು ಬಿಗಿ. ರಫ್ತು ತಡೆಯುವ ವಿಷಯಕ್ಕೆ ಬಂದರೆ ಅದೇ ಒಪ್ಪಂದದ 12ನೆಯ ವಿಧಿಯು ಕೇಳುವುದು ಬಹಳ ಸ್ವಲ್ಪ: ಕೊಳ್ಳುವ ದೇಶದ ಆಹಾರ ಭದ್ರತೆಯನ್ನು ಗಮನಿಸಿರಿ, ಮುಂಚೆ ತಿಳಿಸಿರಿ. ಬೆಳೆದವನ ಗತಿಯೇನೆಂಬ ಮಾತು ಆ ವಿಧಿಯಲ್ಲಿಲ್ಲ. ಅದನ್ನು ಓದಿದ ದಿನ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು.

ಹಾಗಾದರೆ ಪಟ್ಟಣದ ಬಡವನು ದುಬಾರಿ ಉಳ್ಳಾಗಡ್ಡಿಯನ್ನು ಕೊಳ್ಳಬೇಕೇ ಎಂದು ಕೇಳಬಹುದು. ಬೇಡ. ಅದೇ ವರ್ಷ ಸರ್ಕಾರವು ತಾನು ಕೊಂಡಿಟ್ಟಿದ್ದ ಉಳ್ಳಾಗಡ್ಡಿಯನ್ನು ಕಿಲೋಗೆ 25 ರೂಪಾಯಿಯಂತೆ ಮಾರಿಸಿತು. ಇದು ಯೋಗ್ಯವಾದ ಮಾರ್ಗ. ಇಲ್ಲಿ ನಷ್ಟವನ್ನು ಹೊರುವುದು ಬೊಕ್ಕಸ. ನಿಷೇಧದಲ್ಲಿಯಾದರೋ ಅದನ್ನು ಹೊರುವವನು ಒಂದೆಕರೆಯ ಒಡೆಯ, ಮತ್ತು ಆ ಖರ್ಚು ಯಾವ ಬಜೆಟ್ಟಿನಲ್ಲಿಯೂ ಕಾಣಿಸುವುದಿಲ್ಲ. ಯೂರಿಯಾದ ಸಹಾಯಧನವನ್ನು ತಿದ್ದುವ ದಿನ ಈ ಕಾಣದ ಖರ್ಚನ್ನೂ ಪುಸ್ತಕಕ್ಕೆ ಏರಿಸಿ, ನಿಷೇಧ ಹೇರಿದಾಗ ಬೆಳೆಗಾರನಿಗೆ ವ್ಯತ್ಯಾಸವನ್ನು ಕಟ್ಟಿಕೊಡಲಿ.

ನಿಷೇಧವು 2024ರ ಮೇ ತಿಂಗಳಲ್ಲಿ ಹೋಯಿತು. ಸುಂಕವು 2025ರ ಏಪ್ರಿಲ್ 1ರಂದು. ಪತ್ರಿಕೆಯಲ್ಲಿದ್ದ ಆ ಸುದ್ದಿಯನ್ನು ತಂದೆಯವರಿಗೆ ಓದಿ ಹೇಳಿದೆ. ಅವರು, “ಮತ್ಯಾವಾಗ ಹಾಕ್ತಾರಂತ ಬರದಾರೇನಪ್ಪಾ?” ಎಂದು ಕೇಳಿದರು.