ಕೆಂಪು ಗೋಬಿಯೇ ಏಷ್ಯಾ ಅಲ್ಲ

ಹೋದ ತಿಂಗಳ ಸಂಘದ ಸಭೆಯಲ್ಲಿ ಕಾಫಿಯ ಹೊತ್ತಿಗೆ ಎದ್ದ ಒಂದು ವಾದ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಹಿರಿಯ ಸದಸ್ಯರೊಬ್ಬರು, "ಮಾಲಿನ ಮೇಲಂತಸ್ತಿನ ಆ ಏಷ್ಯನ್ ಫುಡ್ ಕೋರ್ಟಿಗೆ ಮಕ್ಕಳನ್ನು ಕರೆದೊಯ್ಯುವುದೆಂದರೆ ದುಡ್ಡು ಕೊಟ್ಟು ಕಾಯಿಲೆ ಕೊಂಡ ಹಾಗೆ. ನಮ್ಮಂಥವರು ತಿನ್ನುವಂಥದ್ದು ಅಲ್ಲಿ ಏನೂ ಇಲ್ಲ" ಎಂದು ತೀರ್ಪು ಕೊಟ್ಟುಬಿಟ್ಟರು. ಎದುರಿಗಿದ್ದ ತರುಣ ದಂಪತಿಗಳು, "ವಾರಕ್ಕೊಂದು ದಿನವಾದರೂ ಒಲೆಗೆ ರಜೆ ಬೇಡವೇ ಸಾರ್? ಮಕ್ಕಳಿಗೆ ಅನ್ನ ಸಾರು ಸಾಕಾಗಿದೆ" ಎಂದರು. ಇಬ್ಬರ ಮಾತಿಗೂ ಒಂದಷ್ಟು ಜನ ತಲೆದೂಗಿದರು. ನಾನು ಅಂದು ಬಾಯಿ ಬಿಡಲಿಲ್ಲ. ಗುಮಾಸ್ತನಿಗೆ ಮಾತಿಗಿಂತ ಬರವಣಿಗೆ ಸಲೀಸು. ಈಗ ಬರೆಯುತ್ತಿದ್ದೇನೆ: ಇಬ್ಬರೂ ತಪ್ಪು. ಒಬ್ಬರು ನೋಡದೆ ಬೈಯುತ್ತಾರೆ, ಇನ್ನೊಬ್ಬರು ನೋಡದೆ ತಿನ್ನುತ್ತಾರೆ.

ನಾನು ದೊಡ್ಡ ಸಾಧು ಎಂದೇನೂ ತಿಳಿಯಬೇಡಿ. ಕೊಚ್ಚಿಯಲ್ಲಿ ಏಳು ವರ್ಷ, ವರ್ಗವಾಗಿ ಬಂದ ಮೇಲೆ ತಿರುವನಂತಪುರದಲ್ಲಿ ಮೂರು ವರ್ಷ, ನಾನೂ ಈ ತಪ್ಪನ್ನು ಸಾಂಗವಾಗಿ ಮಾಡಿದವನೇ. ಎಡಪ್ಪಳ್ಳಿಯ ಲುಲು ಮಾಲ್ ತೆರೆದದ್ದು 2013ರ ಮಾರ್ಚಿನಲ್ಲಿ. 2017ರಲ್ಲಿ ಕೊಚ್ಚಿ ಮೆಟ್ರೋ ಬಂದ ಮೇಲೆ ಅಲ್ಲಿಗೆ ಹೋಗುವುದು ಇನ್ನೂ ಸುಲಭವಾಯಿತು. ತಿರುವನಂತಪುರದ ಆಕ್ಕುಳದಲ್ಲಿ ಅದರದೇ ಇನ್ನೊಂದು 2021ರ ಡಿಸೆಂಬರಿನಲ್ಲಿ ತೆರೆಯಿತು. ಇವಲ್ಲದೆ ಎರಡೂ ಊರುಗಳಲ್ಲಿ ಬೇರೆ ಮಾಲುಗಳೂ ಉಂಟು. ನನ್ನ ಕಥೆ ನಡೆದದ್ದು ಯಾವುದರಲ್ಲಿ ಎಂದು ಹೇಳುವುದಿಲ್ಲ. ಎಲ್ಲಿಯಾದರೂ ಅದೇ ನಡೆಯುತ್ತಿತ್ತು.

ಒಂದು ಭಾನುವಾರ ನಾವು ನಾಲ್ವರು ಹೋದೆವು. 'ಚೈನೀಸ್' ಎಂದು ಬರೆದಲ್ಲಿ ನಾನು ಗೋಬಿ ಮಂಚೂರಿ ತೆಗೆದುಕೊಂಡೆ. 'ಥಾಯ್' ಎಂದು ಬರೆದಲ್ಲಿ ನಮ್ಮ ಮನೆಯವಳು ಫ್ರೈಡ್ ರೈಸ್ ತೆಗೆದುಕೊಂಡಳು, ಜೊತೆಗೆ ಗೋಬಿ ಮಂಚೂರಿ. 'ಪ್ಯಾನ್ ಏಷ್ಯನ್' ಎಂಬಲ್ಲಿ ಮಗ ನೂಡಲ್ಸ್ ಹೇಳಿದ, ಅದಕ್ಕೂ ಗೋಬಿ ಮಂಚೂರಿ. ಬೋರ್ಡು ಮೂರು, ರುಚಿ ಒಂದೇ. ಸಾವಿರದ ಇನ್ನೂರು ರೂಪಾಯಿ ಚಿಲ್ಲರೆ ಕೈಬಿಟ್ಟಿತು. ಕೈ ತೊಳೆದರೂ ಬೆರಳ ತುದಿಯ ಕೆಂಪು ಹೋಗಲಿಲ್ಲ. ಆಗ ಆರನೆಯ ಕ್ಲಾಸಿನ ಮಗಳು ಕೇಳಿದಳು: "ಅಪ್ಪಾ, ಇಂಡಿಯಾ ಏಷ್ಯಾದಲ್ಲೇ ಇದೆ ಎಂದು ಜಾಗ್ರಫಿ ಮಿಸ್ ಹೇಳಿದರಲ್ಲ? ಹಾಗಾದರೆ ಅಜ್ಜಿಯ ಮನೆಯ ಊಟ ಏಷ್ಯನ್ ಅಲ್ಲವೇ?"

ನನಗೆ ಉತ್ತರ ತೋಚಲಿಲ್ಲ. "ತಿನ್ನು, ತಣ್ಣಗಾಗುತ್ತದೆ" ಎಂದೆ. ಆ ಹಾರಿಕೆಯ ಉತ್ತರವೇ ಈ ಲೇಖನಕ್ಕೆ ಕಾರಣ.

ಮೊದಲು ಗೋಬಿಯ ಲೆಕ್ಕ ತೀರಿಸೋಣ. ಮಂಚೂರಿಯಾ ಎಂಬುದು ಚೀನಾದ ಈಶಾನ್ಯದ ಸೀಮೆ. ಅಲ್ಲಿಯವರಿಗೆ ನಮ್ಮ ಈ ಪದಾರ್ಥ ಗೊತ್ತೇ ಇಲ್ಲ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ ನೆಲ್ಸನ್ ವಾಂಗ್ ಎಂಬ ಕಲ್ಕತ್ತೆಯ ಚೀನೀ ಮನೆತನದ ಬಾಣಸಿಗರು ನಮ್ಮ ಶುಂಠಿ ಬೆಳ್ಳುಳ್ಳಿ ಹಸಿಮೆಣಸಿಗೆ ಸೋಯಾ ಸಾಸ್ ಮತ್ತು ಜೋಳದ ಹಿಟ್ಟು ಕೂಡಿಸಿ ಚಿಕನ್ ಮಂಚೂರಿಯನ್ ಮಾಡಿದರೆಂದು ಪ್ರತೀತಿ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ಬೆಂಗಳೂರಿನ ತಳ್ಳುಗಾಡಿ ಏರಿತು. ಅಂದರೆ ಕೊಚ್ಚಿಯ ಮಾಲಿನಲ್ಲಿ ಕುಳಿತು ನಾವು ಚೀನಾ ಎಂದು ತಿಂದದ್ದು ನಮ್ಮ ಗಾಂಧಿಬಜಾರನ್ನೇ, ನಾಲ್ಕು ಪಟ್ಟು ದರ ಕೊಟ್ಟು. ತಿನ್ನಬಾರದೆಂದಲ್ಲ. ಬಿಸಿಯಾಗಿ, ಬಣ್ಣವಿಲ್ಲದೆ ಮಾಡಿದ ಗೋಬಿ ನನಗೂ ಇಷ್ಟವೇ.

ಆದರೆ ಆ ಬಣ್ಣದ ವಿಷಯ ತಮಾಷೆಯದಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಬಂದಿತ್ತು. ಬೊಂಬಾಯಿ ಮಿಠಾಯಿಯಲ್ಲಂತೂ ರೋಡಮಿನ್-ಬಿ ಸಿಕ್ಕಿತ್ತು. ಬಿ.ಎಸ್ಸಿ.ಯ ರಸಾಯನಶಾಸ್ತ್ರ ಮರೆತು ಹೋಗಿದ್ದರೂ ಇಷ್ಟು ಹೇಳಬಲ್ಲೆ: ರೋಡಮಿನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಆಹಾರದಲ್ಲಿ ಬೆರೆಸಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ಸೋಪು ಹಾಕಿದರೆ ಬೆರಳು ಬಿಡುತ್ತದೆ. ಮೂರು ಸಲ ತೊಳೆದರೂ ಬಿಡದ ಕೆಂಪನ್ನು ಕಂಡರೆ ಸಂಶಯಪಡಿ.

ಇದನ್ನು ಓದಿ ನಮ್ಮ ಹಿರಿಯರು "ನಾನು ಹೇಳಲಿಲ್ಲವೇ?" ಎಂದಾರು. ಸ್ವಲ್ಪ ತಡೆಯಿರಿ, ಸ್ವಾಮಿ. ತಾವು ಅಂದು ಅಜಿನೊಮೊಟೊವನ್ನು ವಿಷವೆಂದಿರಿ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ಕಡಲ ಪಾಚಿಯ ಸಾರಿಗೆ ಆ ರುಚಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋಗಿ ಗ್ಲುಟಮೇಟನ್ನು ಗುರುತಿಸಿದರು. ಅದೇ ಗ್ಲುಟಮೇಟ್ ತಮ್ಮ ಮನೆಯ ಟೊಮೇಟೊ ಸಾರಿನಲ್ಲೂ ಇದೆ. ಅದರಲ್ಲಿ ಸೋಡಿಯಂ ನೂರಕ್ಕೆ 12 ಪಾಲು. ಅಡಿಗೆ ಉಪ್ಪಿನಲ್ಲಿ 39. 1968ರಲ್ಲಿ ಅಮೇರಿಕದ ವೈದ್ಯ ಪತ್ರಿಕೆಯೊಂದಕ್ಕೆ ಬಂದ ಒಂದು ಕಾಗದದಿಂದ ಅದರ ಹೆಸರು ಕೆಟ್ಟಿತು. ಒಂದು ಚಿಟಿಕೆಗೆ ಹೆದರುವ ನಾವು ಮನೆಯ ಉಪ್ಪಿನಕಾಯಿಯ ಮುಂದೆ ಮಾತ್ರ ಮಹಾ ಧೈರ್ಯವಂತರು!

ಹೆದರಬೇಕಾದದ್ದು ಬೇರೆಯೇ ಇದೆ. 2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಶಿಗೆಲ್ಲ ಎಂಬ ಬ್ಯಾಕ್ಟೀರಿಯಾದ ಸೋಂಕು. ಆ ಸುದ್ದಿ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ, ನನಗೂ ಮಗಳಿದ್ದಾಳೆ. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿತು. ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತನ್ನೂ ಎಷ್ಟರೊಳಗೆ ತಿನ್ನಬೇಕೆಂಬುದನ್ನೂ ಬರೆದ ಚೀಟಿ ಇರಬೇಕೆಂದಿತು. ಮೋಮೋದ ಪಕ್ಕದಲ್ಲಿ ಬೆಳ್ಳಗಿನ ಮೇಯನೇಸ್ ಬಂದರೆ ನಮ್ಮಲ್ಲಿ ಎಷ್ಟು ಮಂದಿ "ಇದು ಯಾವುದರದು?" ಎಂದು ಕೇಳಿದ್ದೇವೆ? ಪಾರ್ಸೆಲಿನ ಚೀಟಿ ಎಷ್ಟು ಮಂದಿ ಓದಿದ್ದೇವೆ? ಚಿಲ್ಲರೆ ಮಾತ್ರ ಎರಡು ಸಲ ಎಣಿಸುತ್ತೇವೆ.

ಹಾಗಾದರೆ ಅಲ್ಲಿ ಒಳ್ಳೆಯದು ಯಾವುದು, ಹುಡುಕುವುದು ಹೇಗೆ? ಹತ್ತು ವರ್ಷದ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಬಂದ ಕೂಡಲೇ ಕ್ಯೂ ನಿಲ್ಲಬೇಡಿ. ಒಂದು ಪ್ರದಕ್ಷಿಣೆ ಹಾಕಿ. ಬೋರ್ಡಿನ ಚಿತ್ರ ನೋಡಬೇಡಿ, ಒಲೆ ನೋಡಿ. ಬೆಂಗಳೂರಿನ ಎಂ.ಟಿ.ಆರ್.ನಲ್ಲಿ ಗಿರಾಕಿಗಳು ಅಡಿಗೆಮನೆಯನ್ನು ಹಾದೇ ಊಟದ ಕೋಣೆಗೆ ಹೋಗುತ್ತಿದ್ದ ಕಾಲವಿತ್ತು. ಅದು ನಮ್ಮದೇ ಪಾಠ. ಕಬ್ಬಿಣದ ಬಾಣಲೆ ಜ್ವಾಲೆಯ ಮೇಲೆ ಕುಣಿಯುತ್ತಿದ್ದರೆ ಅಲ್ಲಿ ನಿಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಬೆಳಗಿನಿಂದ ದೀಪದ ಕೆಳಗೆ ಬೆವರುತ್ತಿರುವ ನೂಡಲ್ಸ್ ಇದ್ದರೆ ಮುಂದೆ ನಡೆಯಿರಿ. ನಾಲ್ಕು ದೇಶದ ಎಂಬತ್ತು ಪದಾರ್ಥ ಒಂದೇ ಒಲೆಯಿಂದ ಬರುವುದೆಂದರೆ ಅವು ಎಂಬತ್ತು ಅಲ್ಲ, ಎರಡು ಸಾಸ್‌ಗಳ ಎಂಬತ್ತು ಹೆಸರು. ಹತ್ತೇ ಪದಾರ್ಥ ಬರೆದಿರುವ ಕಡೆ ನಂಬಿ. ಕರಿದದ್ದಕ್ಕಿಂತ ಆವಿಯಲ್ಲಿ ಬೆಂದದ್ದು, ಸಾರಿನಲ್ಲಿ ಕುದಿದದ್ದು ಮೇಲು. ಹಳೆಯ ಎಣ್ಣೆಯ ದೋಷ ಅವಕ್ಕೆ ತಾಗದು. ನಾಲ್ವರು ನಾಲ್ಕು ಬೇರೆ ಬೇರೆ ಪದಾರ್ಥ ತಂದು ನಡುವೆ ಇಟ್ಟು ಹಂಚಿಕೊಂಡು ತಿನ್ನಿ. ನಾವು ಒಂದೇ ಗೋಬಿಯನ್ನು ಮೂರು ಸಲ ಕೊಂಡ ಮೂರ್ಖತನ ನಿಮಗೆ ಬೇಡ.

ಸಸ್ಯಾಹಾರಿಗಳು ಒಂದು ಪ್ರಶ್ನೆ ಕೇಳಲೇಬೇಕು. ತರಕಾರಿಯೇ ತುಂಬಿದ್ದರೂ ಥಾಯ್ ಅಡಿಗೆಗೆ ಮೀನಿನ ಸಾಸ್, ಮಲಯ ಅಡಿಗೆಗೆ ಸೀಗಡಿಯ ಪೇಸ್ಟು ಹಾಕುವುದು ವಾಡಿಕೆ. "ಫಿಶ್ ಸಾಸ್ ಉಂಡೋ?" ಎಂದು ಕೇಳಿದರೆ ಮಲಯಾಳದಲ್ಲಿ ಯಾರೂ ಬೇಸರಿಸುವುದಿಲ್ಲ. ಇದು ನಮ್ಮ ಮಡಿವಂತಿಕೆಯಲ್ಲ, ಹಕ್ಕು. ದೇಶದಲ್ಲಿ ಹತ್ತು ಅಥವಾ ಹೆಚ್ಚು ಕಡೆ ಮಳಿಗೆಯುಳ್ಳ ಹೋಟೆಲುಗಳು ಪದಾರ್ಥದ ಕ್ಯಾಲೊರಿಯನ್ನೂ, ಮೀನು, ಮೊಟ್ಟೆ, ಶೇಂಗಾ, ಸೋಯಾದಂಥ ಅಲರ್ಜಿಯ ವಸ್ತುಗಳನ್ನೂ ತಿಳಿಸಬೇಕೆಂದು 2020ರ ನಿಯಮವೇ ಇದೆ. ಬಿಲ್ಲಿನ ಮೇಲೆ ಆಹಾರ ಪರವಾನಗಿಯ 14 ಅಂಕೆಯ ನಂಬರು ಇರಬೇಕು. ಕರಿಯುವ ಎಣ್ಣೆ ಹಾಳಾಗಿ ಹುಟ್ಟುವ ಧ್ರುವೀಯ ವಸ್ತುಗಳು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದು. ಫುಡ್ ಕೋರ್ಟಿನ ತಪ್ಪೆಂದು ನಾನು ಒಪ್ಪುವುದು ಇಲ್ಲಿ: ಇವನ್ನೆಲ್ಲ ಕಣ್ಣಿಗೆ ಕಾಣದ ಮೂಲೆಯಲ್ಲಿಟ್ಟು, ಕೆಂಪು ಗೋಬಿಯ ಚಿತ್ರವನ್ನು ಆಳೆತ್ತರ ತೂಗುಹಾಕುವುದು.

ಕೊನೆಯ ಉಪಾಯ ಎಲ್ಲಕ್ಕಿಂತ ಮೇಲು. ಬಾಣಲೆ ಹಿಡಿದವನನ್ನು ಮಾತನಾಡಿಸಿ. ಒಂದು ಮಧ್ಯಾಹ್ನ ಗದ್ದಲವಿಲ್ಲದ ವೇಳೆ ನಾನು ಅಂಥ ಒಬ್ಬ ಹುಡುಗನನ್ನು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ: "ನೀನು ಇಲ್ಲಿ ಏನು ತಿನ್ನುತ್ತೀಯಪ್ಪಾ?" ಡಾರ್ಜಿಲಿಂಗ್ ಕಡೆಯವನು. ನಕ್ಕು, ಪಟ್ಟಿಯ ಕಟ್ಟಕಡೆಗಿದ್ದ, ಎಲ್ಲಕ್ಕಿಂತ ಅಗ್ಗದ ತರಕಾರಿ ಥುಕ್ಪಾವನ್ನು ತೋರಿಸಿದ. ಬಟ್ಟಲು ತುಂಬ ಬಿಸಿ ಸಾರು, ಎಲೆಕೋಸು, ಗಜ್ಜರಿ, ಉದ್ದನೆಯ ಶಾವಿಗೆ. ಮಗಳು ಬಟ್ಟಲೆತ್ತಿ ಕುಡಿದಳು. ಈ ಹತ್ತು ವರ್ಷದಲ್ಲಿ ನಾನು ಫುಡ್ ಕೋರ್ಟಿನಲ್ಲಿ ತಿಂದ ಅತ್ಯುತ್ತಮ ಪದಾರ್ಥ ಅದು. "ಊರಿಗೆ ಹೋಗಿ ಎರಡು ವರ್ಷವಾಯಿತು ಸಾಬ್" ಎಂದ ಹುಡುಗ.

ಆ ಮಾತು ನಮಗೆ ಅರ್ಥವಾಗದಿದ್ದರೆ ಇನ್ನಾರಿಗೆ ಆಗಬೇಕು? ಅಂದು ಸಭೆಯಲ್ಲಿ ಯಾರೋ "ಎಲ್ಲಿಂದಲೋ ಬಂದ ಹುಡುಗರ ಕೈಯಡಿಗೆ" ಎಂದು ಮೂಗು ಮುರಿದರು. ಬಂಧುಗಳೇ, ನಮ್ಮವರೂ ಎಲ್ಲಿಂದಲೋ ಬಂದ ಹುಡುಗರೇ ಆಗಿದ್ದರು. 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರು, 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ನಡೆಸಿದ ರಾಮ ನಾಯಕರು, ಇಬ್ಬರೂ ಪರವೂರಿಗೆ ದುಡಿಯಲು ಹೋದವರು. ಲೋಟ ತೊಳೆದು ಬಾಳು ಕಟ್ಟಿದ ನಮ್ಮ ಹುಡುಗರಿಗೆ ಲೆಕ್ಕವಿಲ್ಲ. ಉಡುಪಿಯ ದೋಸೆ ಮುಂಬಯಿಯವರಿಗೆ ಒಂದು ಕಾಲದಲ್ಲಿ ಎಲ್ಲಿಂದಲೋ ಬಂದದ್ದೇ.

ಆ ಥುಕ್ಪಾ ಕೂಡ ನಮಗೆ ಹೊರಗಿನದಲ್ಲ. 1960ರ ದಶಕದಲ್ಲೇ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರು ನೆಲೆ ನಿಂತರು. ಮೋಮೋ ಥುಕ್ಪಾಗಳು ಮಾಲಿಗೆ ಬರುವ ಎಷ್ಟೋ ಮೊದಲೇ ಕೊಡಗಿನ ದಾರಿಯಲ್ಲಿದ್ದವು. ಕೊಚ್ಚಿಗೂ ಏಷ್ಯಾ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಚೀನಾದ ಜೆಂಗ್ ಹೆಯ ನೌಕಾಪಡೆ ಇಲ್ಲಿಗೆ ಬಂದಿತ್ತು. ಅದರ ದುಭಾಷಿ ಮಾ ಹುವಾನ್ ಕೊಚ್ಚಿಯ ಬಗ್ಗೆ ಬರೆದಿಟ್ಟಿದ್ದಾನೆ. ಇಲ್ಲಿನ ಮನೆಗಳಲ್ಲಿ ಬಾಣಲೆಗೆ ಇಂದಿಗೂ 'ಚೀನಚಟ್ಟಿ', ಉಪ್ಪಿನಕಾಯಿಯ ಜಾಡಿಗೆ 'ಚೀನಭರಣಿ' ಎನ್ನುತ್ತಾರೆ. ಇಲ್ಲಿನ ಇಡಿಯಪ್ಪ ಸಿಂಹಳದಲ್ಲೂ ಇದೆ, ಮಲೇಷಿಯಾದಲ್ಲಿ 'ಪುಟು ಮಾಯಂ' ಎಂಬ ಹೆಸರಿನಲ್ಲಿದೆ. ನಮ್ಮ ಅಜ್ಜಿ ಶಾವಿಗೆ ಒರಳಿನಲ್ಲಿ ಒತ್ತಿ, ಕಾಯಿಹಾಲು ಬೆಲ್ಲದ ಜೊತೆ ಬಡಿಸುತ್ತಿದ್ದ ಒತ್ತುಶಾವಿಗೆ ಮತ್ತೇನು? ಅಕ್ಕಿಯ ನೂಡಲ್ಸ್ ಎಂದು ಇನ್ನೂರೈವತ್ತು ರೂಪಾಯಿಗೆ ಕೊಡುವುದರ ಹತ್ತಿರದ ಬಳಗವೇ ಅದು.

ಆದುದರಿಂದ ಮಗಳಿಗೆ ತಡವಾಗಿಯಾದರೂ ಉತ್ತರ ಕೊಟ್ಟಿದ್ದೇನೆ: ಹೌದು ಮಗೂ, ಅಜ್ಜಿಯ ಊಟವೂ ಏಷ್ಯನ್ನೇ, ಬೋರ್ಡು ಬರೆದವನಿಗೆ ಮರೆತಿದೆ. ಮನೆಯ ಶಾವಿಗೆಗೆ ನಾಚುವುದೂ ಬೇಡ, ಪರರ ಶಾವಿಗೆಗೆ ಹೇಸುವುದೂ ಬೇಡ.

ಸಂಘಕ್ಕೆ ನನ್ನ ಸೂಚನೆ ಎರಡು. ಮುಂದಿನ ರಾಜ್ಯೋತ್ಸವದ ಊಟಕ್ಕೆ ಒತ್ತುಶಾವಿಗೆ ಇರಲಿ. ಒರಳು ನಮ್ಮ ಮನೆಯಲ್ಲಿದೆ, ಒತ್ತಲು ತರುಣರು ಬರಲಿ. ಎರಡನೆಯದು, ಎರಡೂ ಊರಿನ ಫುಡ್ ಕೋರ್ಟುಗಳ ಆಡಳಿತಕ್ಕೆ ಒಂದು ಮನವಿ: ಅಲರ್ಜಿಯ ಪಟ್ಟಿ, ಎಣ್ಣೆ ಬದಲಿಸಿದ ದಿನ, ಮೇಯನೇಸ್ ಯಾವುದರದೆಂಬ ವಿವರ, ಮೂರನ್ನೂ ಮಕ್ಕಳ ಕಣ್ಣಿಗೂ ಕಾಣುವ ಎತ್ತರದಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು. ಕರಡು ಬರೆಯುವುದು ನನ್ನ ಕಸುಬು, ಬರೆದಿಟ್ಟಿದ್ದೇನೆ. ಮೊದಲ ಸಹಿ ನಮ್ಮ ಹಿರಿಯರದೇ ಆಗಲಿ ಎಂದು ಮೇಲಿನ ಸಾಲು ಖಾಲಿ ಬಿಟ್ಟಿದ್ದೇನೆ.